ಮೇಜಿನ ಮೇಲೆ ಪೊಳ್ಳಿಲೂರು

ಮಕ್ಕಳೇ, 28 ಮಿಲಿಮೀಟರ್ ಎಂದರೆ ಎಷ್ಟು? ನಿಮ್ಮ ಅಳತೆಪಟ್ಟಿ ತೆಗೆದು ನೋಡಿ. ಹೆಚ್ಚು ಕಡಿಮೆ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು. ಅಷ್ಟೇ ಎತ್ತರದ ಸೈನಿಕರ ಬೊಂಬೆ ಮಾಡಿ, ಬಣ್ಣ ಬಳಿದು, ಹಿಂದೆ ನಡೆದ ಯುದ್ಧವೊಂದನ್ನು ಮೇಜಿನ ಮೇಲೆ ಆಡಿ ನೋಡುವ ಹವ್ಯಾಸವೊಂದಿದೆ. ಎಂಟು ತಿಂಗಳಿಂದ ನನಗೂ ಅದು ಅಂಟಿಕೊಂಡಿದೆ. ವಿಜ್ಞಾನದ ಪುಟದಲ್ಲಿ ಬೊಂಬೆಗಳ ಯುದ್ಧಕ್ಕೇನು ಕೆಲಸ ಎನ್ನುತ್ತೀರಾ? ಸ್ವಲ್ಪ ತಾಳಿ.

ಈ ಬಗೆಯ ಆಟ ಬೆಳೆದದ್ದು ಪ್ರಷ್ಯದಲ್ಲಿ. ಇಂದಿನ ಜರ್ಮನಿಯ ದೊಡ್ಡ ಭಾಗ ಆಗ ಆ ರಾಜ್ಯಕ್ಕೆ ಸೇರಿತ್ತು. 1812ರಲ್ಲಿ ರೈಸ್ವಿಟ್ಸ್ ಎಂಬಾತ ಬೆಟ್ಟ, ನದಿ, ಊರುಗಳ ತುಂಡುಗಳನ್ನು ಜೋಡಿಸಿ ಆಡುವ ಮೇಜೊಂದನ್ನು ತನ್ನ ರಾಜನಿಗೆ ತೋರಿಸಿದ. ಅವನ ಮಗ ಸೇನಾಧಿಕಾರಿ. 1824ರಲ್ಲಿ ಆತ ನಕ್ಷೆ ಮತ್ತು ದಾಳಗಳಿಂದ ಆಡುವ ಹೊಸ ನಿಯಮಗಳನ್ನು ಬರೆದ. ಅದರಲ್ಲಿ ಒಬ್ಬ ತೀರ್ಪುಗಾರ ಇರುತ್ತಿದ್ದ. ಯಾರ ಕಣ್ಣಿಗೆ ಏನು ಕಾಣಬಹುದೋ ಅಷ್ಟನ್ನೇ ಆತ ಅವರಿಗೆ ಹೇಳುತ್ತಿದ್ದ. ಈ ಉಪಾಯ ನೆನಪಿಡಿ, ಮುಂದೆ ಬೇಕಾಗುತ್ತದೆ. ಅಲ್ಲಿ ಇದು ಅಧಿಕಾರಿಗಳ ಪಾಠ. ಮನೆಯ ಆಟವಾಗಿ ಹೆಸರು ಮಾಡಿದ್ದು ಇಂಗ್ಲೆಂಡಿನಲ್ಲಿ. ಕಾಲಯಂತ್ರದ ಕಥೆ ಬರೆದ ಎಚ್. ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ನಿಯಮಗಳ ಪುಸ್ತಕ ಬರೆದರು. ಅವರ ಆಟದಲ್ಲಿ ಸ್ಪ್ರಿಂಗ್ ಇರುವ ಆಟಿಕೆ ಫಿರಂಗಿಯಿಂದ ಮರದ ಚೂರು ಹಾರಿಸಿ ಬೊಂಬೆಗಳನ್ನು ಬೀಳಿಸಬೇಕಿತ್ತು. ಕೇಳಿದರೇ ಖುಷಿಯಾಗುತ್ತದೆ, ಅಲ್ಲವೇ?

ನಾನು ಆರಿಸಿಕೊಂಡದ್ದು ಪೊಳ್ಳಿಲೂರಿನ ಯುದ್ಧ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ಹೈದರಾಲಿ ಮತ್ತು ಟಿಪ್ಪುವಿನ ಸೇನೆ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೈಲಿಯ ಪಡೆಯನ್ನು ಸುತ್ತುವರಿದು ಸೋಲಿಸಿತು. ಬೈಲಿ ಸೆರೆಸಿಕ್ಕ. 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ತೀರಿಕೊಂಡ. ಶ್ರೀರಂಗಪಟ್ಟಣಕ್ಕೆ ಪ್ರವಾಸ ಹೋದವರು ದರಿಯಾ ದೌಲತ್‌ನ ಗೋಡೆಯಲ್ಲಿ ಈ ಯುದ್ಧದ ದೊಡ್ಡ ಚಿತ್ರ ನೋಡಿರುತ್ತೀರಿ. ಪಲ್ಲಕ್ಕಿಯಲ್ಲಿ ಕುಳಿತವನೇ ಬೈಲಿ. ಅಲ್ಲೇ ಮದ್ದಿನ ಗಾಡಿಯೊಂದು ಸಿಡಿಯುತ್ತಿರುವುದೂ ಇದೆ. ಹೋದಾಗ ಹುಡುಕಿ.

ಬೈಲಿಯ ಬಳಿ ಸುಮಾರು 3,800 ಜನರಿದ್ದರು. ಒಂದು ಬೊಂಬೆಗೆ 50 ಜನ ಎಂದು ಲೆಕ್ಕ ಹಿಡಿದರೆ 76 ಬೊಂಬೆ. ಮೈಸೂರಿನ ಸೇನೆ ಇದರ ಹಲವು ಪಟ್ಟು. ಅಷ್ಟನ್ನೂ ಮಾಡಲು ನನ್ನಿಂದಾಗದು. ಅದಕ್ಕೆ ಮೇಜಿನ ಮೇಲೆ 120 ಇಟ್ಟು, ಬಿದ್ದ ದಳ ಮತ್ತೆ ಹಿಂದಿನಿಂದ ಬರಬಹುದು ಎಂಬ ನಿಯಮ ಮಾಡಿದ್ದೇನೆ.

ಈಗ ಅಳತೆಯ ತಮಾಷೆ ನೋಡಿ. 168 ಸೆಂಟಿಮೀಟರ್ ಎತ್ತರದ ಮನುಷ್ಯ 28 ಮಿಲಿಮೀಟರ್ ಆದರೆ ಅವನು 60 ಪಟ್ಟು ಕುಗ್ಗಿದ ಹಾಗಾಯಿತು. ನೆಲವನ್ನೂ 60 ಪಟ್ಟು ಕುಗ್ಗಿಸಿದರೆ? 900 ಮೀಟರ್ ಉದ್ದದ ಮೈದಾನಕ್ಕೆ 15 ಮೀಟರ್ ಮೇಜು ಬೇಕು! ನಮ್ಮ ಮೇಜು ಇರುವುದು ಆರಡಿ, ಅಂದರೆ ಸುಮಾರು 180 ಸೆಂಟಿಮೀಟರ್. ಹಾಗಾಗಿ ನೆಲಕ್ಕೆ ಬೇರೆಯೇ ಅಳತೆ, ಒಂದು ಸೆಂಟಿಮೀಟರಿಗೆ 5 ಮೀಟರ್. ಈ ನೆಲದ ಲೆಕ್ಕದಲ್ಲಿ ನಮ್ಮ ಬೊಂಬೆ 14 ಮೀಟರ್ ಎತ್ತರ, ನಾಲ್ಕಂತಸ್ತಿನ ಕಟ್ಟಡದಷ್ಟು! ಈ ಆಟ ಆಡುವ ಬಹಳಷ್ಟು ಜನ ಇಂಥ ಎರಡೆರಡು ಅಳತೆಗಳನ್ನು ಒಪ್ಪಿಕೊಂಡೇ ಆಡುತ್ತಾರೆ. ನಿಮ್ಮ ಪಾಠದ ಸೌರವ್ಯೂಹದ ಚಿತ್ರದಲ್ಲೂ ಗ್ರಹಗಳಿಗೆ ಒಂದು ಅಳತೆ, ಅವುಗಳ ನಡುವಿನ ದೂರಕ್ಕೆ ಇನ್ನೊಂದು. ಗಮನಿಸಿದ್ದೀರಾ?

ಬೊಂಬೆ ಮಾಡುವುದು ಸುಲಭ. ತಂತಿ ಬಗ್ಗಿಸಿ ಮೇಲೆ ಎಂ-ಸೀಲ್ ಮೆತ್ತುತ್ತೇನೆ. (ನೀವು ಜೇಡಿಮಣ್ಣಿನಲ್ಲಿ ಮಾಡಿ, ಅದೇ ಒಳ್ಳೆಯದು.) ಬಣ್ಣದ ಕೆಲಸವೇ ಕಷ್ಟ. ಮೊದಲು ಬೂದು ಪ್ರೈಮರ್, ಆಮೇಲೆ ತೆಳುವಾಗಿ ಎರಡು ಕೈ ಬಣ್ಣ. ಇಷ್ಟಾದರೂ ಬೊಂಬೆ ಸಪ್ಪೆಯಾಗಿ ಕಾಣುತ್ತದೆ. ಏಕೆ? ನಮ್ಮ ಅಂಗಿಯ ಮಡಿಕೆಯಲ್ಲಿ ನೆರಳು ಬೀಳುತ್ತದೆ. ಬೊಂಬೆಯ ಮಡಿಕೆ ಅರ್ಧ ಮಿಲಿಮೀಟರೂ ಆಳವಿಲ್ಲ, ಕಣ್ಣಿಗೆ ಕಾಣುವಂಥ ನೆರಳು ಅಲ್ಲಿ ಬೀಳುವುದಿಲ್ಲ. ಹಾಗಾಗಿ ನೆರಳನ್ನೂ ನಾವೇ ಬಳಿಯಬೇಕು. ಕಂದು ಬಣ್ಣವನ್ನು ನೀರಿನ ಹಾಗೆ ತೆಳು ಮಾಡಿ ಸವರಿದರೆ ಅದು ತಾನಾಗಿ ಸಂದುಗಳಿಗೆ ಹರಿದು ಅಲ್ಲೇ ಒಣಗುತ್ತದೆ. ಆಮೇಲೆ ಒಣ ಕುಂಚದಲ್ಲಿ ತಿಳಿಬಣ್ಣ ಹಿಡಿದು ಉಜ್ಜಿದರೆ ಉಬ್ಬಿದ ಜಾಗಕ್ಕೆ ಮಾತ್ರ ತಗಲುತ್ತದೆ. ಸತ್ತಂತಿದ್ದ ಮುಖಕ್ಕೆ ಮೂಗು, ಕೆನ್ನೆ ಬರುವ ಆ ಗಳಿಗೆಗಾಗಿ ಎಷ್ಟು ಹೊತ್ತು ಬೇಕಾದರೂ ಕೂರಬಹುದು.

ಯಾವ ಬಣ್ಣ ಎಂಬುದಕ್ಕೆ ಸಾಕ್ಷಿ ಬೇಕು. ಟಿಪ್ಪುವಿನ ಸೈನಿಕರ ಹುಲಿಪಟ್ಟೆಯ ನೇರಳೆ ಅಂಗಿ ಪ್ರಸಿದ್ಧ. ಆದರೆ ಟಿಪ್ಪು ಪಟ್ಟಕ್ಕೆ ಬಂದದ್ದು 1782ರಲ್ಲಿ. ದರಿಯಾ ದೌಲತ್ ಕಟ್ಟಿದ್ದು 1784ರಲ್ಲಿ, ಅದರ ಚಿತ್ರಕ್ಕೆ ಬ್ರಿಟಿಷರ ಕಾಲದಲ್ಲಿ ಮತ್ತೆ ಬಣ್ಣ ಬಳಿಸಿದ್ದೂ ಉಂಟು. ನನ್ನ ಯುದ್ಧ 1780ರದ್ದು, ಹೈದರನ ಕಾಲ. ಆದ್ದರಿಂದ ಹುಲಿಪಟ್ಟೆಯ ಆಸೆ ಬಿಟ್ಟು ಹೆಚ್ಚಿನವರಿಗೆ ಬಿಳಿ, ಮಣ್ಣು ಬಣ್ಣದ ಅಂಗಿ ತೊಡಿಸಿದ್ದೇನೆ. ಕಂಪನಿಯ 76 ಮುಗಿದಿವೆ. ಮೈಸೂರಿನ 51 ಆಗಿವೆ. ಉಳಿದವರು ಬೂದು ಮೈಯಲ್ಲೇ ಯುದ್ಧ ಮಾಡುತ್ತಾರೆ.

ಇನ್ನು ನಿಯಮಗಳ ಪರೀಕ್ಷೆ. ನಿಜವಾದ ವಿಜ್ಞಾನ ಇರುವುದು ಇಲ್ಲೇ. ಶನಿವಾರ ಮಧ್ಯಾಹ್ನ ಹತ್ತಿರದ ಶಾಲೆಯ ಏಳನೇ ತರಗತಿಯ ಮಕ್ಕಳು ಬಂದು ಆಡುತ್ತಾರೆ. ಫಲಿತಾಂಶ ನೋಟುಪುಸ್ತಕದಲ್ಲಿ ಬರೆಯುತ್ತೇವೆ. ಒಂದು ಸಲಕ್ಕೆ ಒಂದೇ ನಿಯಮ ಬದಲಾಯಿಸಬೇಕು, ಇದು ಕಟ್ಟುನಿಟ್ಟು. ಎರಡು ಬದಲಾಯಿಸಿದರೆ ಯಾವುದರಿಂದ ಏನಾಯಿತು ಎಂದು ಹೇಗೆ ತಿಳಿಯುವುದು?

ದೊಡ್ಡ ಜಗಳ ನಡೆದದ್ದು ಮದ್ದಿನ ಗಾಡಿಯ ಬಗ್ಗೆ. ನಿಜದ ಯುದ್ಧದಲ್ಲಿ ಬೈಲಿಯ ಮದ್ದಿನ ಗಾಡಿಗಳು ಸಿಡಿದವು. ರಾಕೆಟ್ಟಿನಿಂದ ಎಂದು ಕೆಲವರು, ಫಿರಂಗಿ ಗುಂಡಿನಿಂದ ಎಂದು ಕೆಲವರು ಬರೆದಿದ್ದಾರೆ. ಮೊದಲ ನಾಲ್ಕು ಆಟಗಳಲ್ಲಿ ಗಾಡಿಗೆ ಪೆಟ್ಟು ಬಿದ್ದಾಗ ಎರಡು ದಾಳ ಉರುಳಿಸಿ 12 ಬಂದರೆ ಮಾತ್ರ ಸಿಡಿತ ಎಂದಿಟ್ಟೆವು. 36ರಲ್ಲಿ ಒಂದು ಅವಕಾಶ. ಒಮ್ಮೆಯೂ ಸಿಡಿಯಲಿಲ್ಲ. "ಮಿಸ್, ನಿಜವಾಗ್ಲೂ ಸಿಡಿದಿತ್ತಲ್ಲ? ಐದನೇ ಸರದೀಲಿ ಸಿಡೀಲೇಬೇಕು ಅಂತ ಮಾಡಿ" ಎಂದ ಒಬ್ಬ ಹುಡುಗ. ಮೈಸೂರು ಗೆಲ್ಲಲಿ ಎಂಬ ಆಸೆ ಅವನಿಗೆ. (ನನಗಿಲ್ಲವೇ?) ಪಕ್ಕದ ಹುಡುಗಿ ಬಿಡಲಿಲ್ಲ: "ಸಿಡೀಲೇಬೇಕು ಅಂದ್ರೆ ದಾಳ ಯಾಕೋ? ಕಥೆ ಓದು ಸಾಕು."

ಇಬ್ಬರ ಮಾತೂ ಯೋಚಿಸುವಂಥದ್ದೇ. ಯುದ್ಧ ನಡೆದದ್ದು ಒಂದೇ ಸಲ. ಒಂದು ಸಲ ನಡೆದುದನ್ನು ನೋಡಿ, ಅದು ನೂರರಲ್ಲಿ ಎಷ್ಟು ಸಲ ನಡೆಯುತ್ತಿತ್ತು ಎಂದು ಹೇಳಲಾಗುವುದಿಲ್ಲ. ಆದರೆ ಎಂದೂ ನಡೆಯದಂಥ ನಿಯಮವೂ ಬೇಡ. ಕೊನೆಗೆ 10, 11 ಅಥವಾ 12 ಬಂದರೆ ಸಿಡಿತ ಎಂದು ಒಪ್ಪಿದೆವು. 10 ಬರಲು ಮೂರು ದಾರಿ, 11ಕ್ಕೆ ಎರಡು, 12ಕ್ಕೆ ಒಂದು. 36ರಲ್ಲಿ 6, ಅಂದರೆ ಆರರಲ್ಲಿ ಒಂದು. ಆಮೇಲಿನ ಎಂಟು ಆಟಗಳಲ್ಲಿ ಮೂರರಲ್ಲಿ ಗಾಡಿ ಸಿಡಿಯಿತು. ಮೈಸೂರು ಗೆದ್ದದ್ದು ಆರರಲ್ಲಿ. ಅಂದರೆ ಸಿಡಿತವಿಲ್ಲದೆಯೂ ಮೂರು ಗೆಲುವು! ಉಳಿದ ಎರಡರಲ್ಲಿ ಬೈಲಿ ಪಾರಾದ. ಸಿಡಿತವೇ ಎಲ್ಲವನ್ನೂ ತೀರ್ಮಾನಿಸಿತು ಎಂದುಕೊಂಡಿದ್ದ ಹುಡುಗ ಪೆಚ್ಚಾದ. ಹೀಗೆಂದದ್ದು ನಮ್ಮ ನಿಯಮಗಳು, ಇತಿಹಾಸವಲ್ಲ ಎಂದು ನಾನು ಹಲಗೆಯ ಮೇಲೆ ಬರೆದೆ.

ಬಿದ್ದ ಬೊಂಬೆಗಳನ್ನು ನಾವು ಒಂದು ಬಿಸ್ಕತ್ತಿನ ಡಬ್ಬಕ್ಕೆ ಹಾಕುತ್ತಿದ್ದೆವು. ಏಳನೇ ಆಟದ ದಿನ ಅದೇ ಹುಡುಗಿ ಡಬ್ಬ ಎಣಿಸಿದಳು. "ಮಿಸ್, ಒಂದು ಅಂದ್ರೆ ಐವತ್ತು ಜನ ಅಲ್ವಾ? ನಲವತ್ತೆರಡು ಇದೆ." 42ನ್ನು 50ರಿಂದ ಗುಣಿಸಿ. ಅವರಲ್ಲಿ ಎಷ್ಟೋ ಮಂದಿ ನಮ್ಮ ಕಡೆಯ ಹಳ್ಳಿಗಳವರಂತೆಯೇ ಉತ್ತಿ ಬಿತ್ತಿದ್ದವರು. ಸ್ವಲ್ಪ ಹೊತ್ತು ಯಾರೂ ದಾಳ ಮುಟ್ಟಲಿಲ್ಲ. ಅಂದಿನಿಂದ ಆಟ ಮುಗಿದ ಮೇಲೆ ಗೆದ್ದವರ ಹೆಸರಿನ ಮೊದಲು ಆ ಗುಣಲಬ್ಧವನ್ನು ಬರೆಯುತ್ತೇವೆ. ನಿಯಮಪುಸ್ತಕದಲ್ಲಿ ಅವಳೇ ಅದನ್ನು ಸೇರಿಸಿದಳು.

ಉಳಿದಿರುವುದು ಮನ್ರೋ. ಬೈಲಿಗೆ ನೆರವಾಗಬೇಕಿದ್ದ ಜನರಲ್ ಮನ್ರೋ ಸುಮಾರು 15 ಕಿಲೋಮೀಟರ್ ದೂರದ ಕಾಂಚೀಪುರದಲ್ಲಿದ್ದ, ಸಮಯಕ್ಕೆ ಬರಲಿಲ್ಲ. ನಮ್ಮ ಅಳತೆಯಲ್ಲಿ ಅದು ಮೇಜಿನಿಂದ 30 ಮೀಟರ್! ಅದಕ್ಕೆ ಮನ್ರೋ ಆದವನು ಹೊರಗೆ ಬೇವಿನ ಮರದ ಕೆಳಗೆ ಕೂರುತ್ತಾನೆ. ಮೇಜು ಅವನಿಗೆ ಕಾಣದು, ಚೀಟಿ ಮಾತ್ರ ಹೋಗುತ್ತದೆ. ಇದು ಆ ಪ್ರಷ್ಯದ ತೀರ್ಪುಗಾರನಿಂದ ಕಲಿತದ್ದು. ಫಿರಂಗಿ ಎಳೆದುಕೊಂಡು ಗಂಟೆಗೆ 3 ಕಿಲೋಮೀಟರ್ ನಡೆದರೆ 15 ಕಿಲೋಮೀಟರಿಗೆ 5 ಗಂಟೆ. ನಮ್ಮ ಒಂದು ಸರದಿಗೆ 20 ನಿಮಿಷ, ಆಟಕ್ಕೆ 12 ಸರದಿ. ಆಟ ಶುರುವಾದಾಗ ಹೊರಟರೆ ಅವನು ಮುಟ್ಟುವುದು 15ನೇ ಸರದಿಗೆ, ಎಲ್ಲ ಮುಗಿದ ಮೇಲೆ.

ಈ ಶನಿವಾರದಿಂದ ಮನ್ರೋ ನಾಲ್ಕು ಸರದಿ ಮೊದಲೇ ಹೊರಡುತ್ತಾನೆ. ಬೇರೆ ಯಾವ ನಿಯಮವೂ ಬದಲಾಗುವುದಿಲ್ಲ. ಎಂಟು ಆಟ ಆಡಬೇಕು, ಅಷ್ಟರೊಳಗೆ ಉಳಿದ 69 ಬೊಂಬೆಗಳಿಗೂ ಬಣ್ಣ ಆಗಬೇಕು.