ಬುದ್ಧಿ ತೋರಿಸದ ಟಿವಿ ಬೇಕಾಗಿದೆ

ಟಿವಿ ಅಂಗಡಿಯಲ್ಲಿ ರಾತ್ರಿಯಾಗುವುದೇ ಇಲ್ಲ. ಗೋಡೆ ತುಂಬ ಹಚ್ಚಿಟ್ಟ ಪರದೆಗಳಲ್ಲೆಲ್ಲ ಮಟಮಟ ಮಧ್ಯಾಹ್ನ. ಪಂಚರಂಗಿ ಗಿಳಿಯೊಂದು ರೆಕ್ಕೆ ಬಿಚ್ಚುತ್ತದೆ, ಯಾರೋ ಕಿವಿ ಹಣ್ಣನ್ನು ನಿಧಾನಕ್ಕೆ ಹೋಳು ಮಾಡುತ್ತಾರೆ, ಜೇನುತುಪ್ಪ ಮೇಲಿಂದ ಇಳಿಯುತ್ತಲೇ ಇರುತ್ತದೆ. ಯಾರೂ ಅಳುವುದಿಲ್ಲ, ಯಾರೂ ಕತ್ತಲ ಓಣಿಯಲ್ಲಿ ನಡೆದುಹೋಗುವುದಿಲ್ಲ, ಯಾರ ಮುಖದ ಮೇಲೂ ಅರ್ಧ ನೆರಳು ಬಿದ್ದಿರುವುದಿಲ್ಲ. ಸಿನಿಮಾ ಎಂದರೆ ಬಹುಪಾಲು ಇವೇ ಎಂದು ನಂಬಿರುವ ನನ್ನಂಥವನು ಅಲ್ಲಿ ಏನನ್ನು ನೋಡಿ ಟಿವಿ ಆರಿಸಬೇಕು?

ಹುಬ್ಬಳ್ಳಿಯ ಆ ಅಂಗಡಿಗೆ ನಾನೂ ಮಗಳೂ ಹೋದದ್ದು ಎರಡು ವಿರೋಧ ಪಕ್ಷಗಳ ಪ್ರತಿನಿಧಿಗಳಾಗಿ. ನನ್ನದು ಸಿನಿಮಾ ಪಕ್ಷ. ಅವಳು ಮೊದಮೊದಲ ಸಂಬಳಗಳನ್ನು ಕೂಡಿಸಿ ಪ್ಲೇಸ್ಟೇಷನ್ ತಂದವಳು, ಗೇಮಿಂಗ್ ಪಕ್ಷ. ಹಣಕಾಸು ಖಾತೆ ಹೆಂಡತಿಯ ಹತ್ತಿರ ಇತ್ತು. 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಂದು. ಅಲ್ಲಿಯ ತನಕ ‘ಇದ್ದದ್ದ ಚಲೋ ಐತಿ’ ಎಂದು ನಮ್ಮಿಬ್ಬರನ್ನೂ ತಡೆದು ನಿಲ್ಲಿಸಿದವಳು ಅವಳೇ.

ಅಂಗಡಿಯ ಹುಡುಗ ಚುರುಕಾಗಿದ್ದ. “ಬರ್ರಿ ಸರ್, ಇದರಾಗ ಎಐ ಪ್ರೊಸೆಸರ್ ಐತ್ರಿ. ಎಂಥಾ ಪಿಕ್ಚರ್ ಬಂದ್ರೂ ತಾನ ನೋಡಿ ತಾನ ಸುಧಾರಿಸ್ತೈತ್ರಿ” ಎಂದ.

“ಕ್ಯಾಮೆರಾ ಹಿಡಿದಾಂವ ಮಾಡಿದ್ದನ್ನ ಇದು ಏನಂತ ಸುಧಾರಿಸ್ತೈತಿ?” ಎಂದೆ ನಾನು.

“ಹಂಗ ಸುಧಾರಿಸಾಕ ಎಷ್ಟ ಹೊತ್ತ ಹಿಡೀತೈತಿ?” ಎಂದಳು ಮಗಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬೇರೆ ಬೇರೆ ದಾರಿಯಿಂದ ಬಂದು ಒಂದೇ ಕಟ್ಟೆಯ ಮೇಲೆ ಕೂತಿದ್ದೆವು. ಇಬ್ಬರಿಗೂ ಬೇಕಾಗಿದ್ದದ್ದು ಬಂದ ಚಿತ್ರವನ್ನು ಬಂದ ಹಾಗೆ ತೋರಿಸಿ ಸುಮ್ಮನಿರುವ ಟಿವಿ. ಅಂಥ ಟಿವಿ ಒಂದು ಕಾಲದಲ್ಲಿ ಎಲ್ಲರ ಮನೆಯಲ್ಲೂ ಇತ್ತು. ಬೇರೆ ತರಹದ್ದು ಸಿಗುತ್ತಲೇ ಇರಲಿಲ್ಲ.

ಕರ್ನಾಟಕದ ಟಿವಿಯ ಚರಿತ್ರೆ ಬೆಂಗಳೂರಿನಿಂದ ಸುರುವಾಯಿತು ಎಂದವರ ಮೇಲೆ ನನ್ನ ಸೋದರಮಾವನಿಗೆ ಸಿಟ್ಟು. ಅವರು ರಾಯಚೂರು ಸೀಮೆಯ ಹಳ್ಳಿಯೊಂದರ ಶಾಲೆಯಲ್ಲಿ ಮಾಸ್ತರರಾಗಿದ್ದವರು. ಸಿಟ್ಟಿಗೆ ಆಧಾರವೂ ಇದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ನಾಸಾದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಇಸ್ರೊ ಟಿವಿ ತೋರಿಸಿತು. ‘ಸೈಟ್’ ಎಂದು ಹೆಸರಾದ ಆ ಪ್ರಯೋಗಕ್ಕೆ ನಮ್ಮ ರಾಜ್ಯದಲ್ಲಿ ಸಿಕ್ಕದ್ದು ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಕೋಳಿ ಗೂಡಿಗೆ ಹೊಡೆಯುವ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಡಿಶ್, ಅದರ ಕೆಳಗೊಂದು ಪೆಟ್ಟಿಗೆ. ಮುಂಜಾನೆ ಶಾಲೆಯ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ, ಒಂದಿಷ್ಟು ಹಾಡು-ಕುಣಿತ. ವರ್ಷ ತುಂಬಿದ ಮೇಲೆ ಉಪಗ್ರಹ ತನ್ನ ಯಜಮಾನರ ಕಡೆ ಹೊರಟುಹೋಯಿತು. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್ 1ಕ್ಕೆ. “ರಾಜಧಾನಿಗಿಂತ ಮೊದಲ ನಮ್ಮ ಹೊಲದ ಬದುವಿನಾಗ ಟಿವಿ ಬಂದಿತ್ತೋ” ಎನ್ನುತ್ತಾರೆ ಮಾವ. ಆಗ ಟಿವಿಯನ್ನು ಯಾರೂ ಆರಿಸಬೇಕಾಗಿರಲಿಲ್ಲ. ಟಿವಿಯೇ ಊರನ್ನು ಆರಿಸುತ್ತಿತ್ತು.

ನಮ್ಮ ಮನೆಗೆ ಟಿವಿ ಬಂದದ್ದು 1987ರಲ್ಲಿ, ರಾಮಾನಂದ ಸಾಗರರ ‘ರಾಮಾಯಣ’ ಭಾನುವಾರಗಳನ್ನು ಸ್ವಾಧೀನಕ್ಕೆ ತೆಗೆದುಕೊಂಡ ವರ್ಷ. ದೇಶಕ್ಕೆ ಬಣ್ಣದ ಪ್ರಸಾರ 1982ರಲ್ಲೇ, ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ನೆಪದಲ್ಲಿ ಬಂದಿತ್ತಾದರೂ ಅಪ್ಪನ ಪಗಾರಿಗೆ ಅದು ಬಂದಿರಲಿಲ್ಲ. ನಮ್ಮದು ಕಪ್ಪು-ಬಿಳುಪು, ಮರದ ಮೈ, ಎರಡೂ ಕಡೆಯಿಂದ ಸರಿಸಿ ಬೀಗ ಹಾಕುವ ಬಾಗಿಲು. ಅದರ ಎದೆಯೊಳಗಿನ ಗಾಜಿನ ಬುರುಡೆ ತಯಾರಿಸುವ ಕೆಲಸ ಬೆಂಗಳೂರಿನ ಬಿಇಎಲ್‌ನಲ್ಲಿ 1970ರ ಹೊತ್ತಿಗೇ ಸುರುವಾಗಿತ್ತು ಎಂಬುದನ್ನು ನಾನು ತಿಳಿದದ್ದು ಬಹಳ ತಡವಾಗಿ.

ಬಣ್ಣದ ಆಸೆಗೆ ಆಗ ಪೇಟೆಯಲ್ಲಿ ಒಂದು ಅಗ್ಗದ ಔಷಧ ಸಿಗುತ್ತಿತ್ತು. ಮೇಲೆ ನೀಲಿ, ನಡುವೆ ಕೆಂಪುಹಳದಿ, ಕೆಳಗೆ ಹಸಿರು ಬಳಿದ ಪ್ಲಾಸ್ಟಿಕ್ ಹಾಳೆ. ಪರದೆಗೆ ಕಟ್ಟಿದರೆ ಆಕಾಶ ಆಕಾಶದ ಹಾಗೆ, ಹುಲ್ಲು ಹುಲ್ಲಿನ ಹಾಗೆ ಕಾಣುತ್ತಿತ್ತು. ಕ್ಯಾಮೆರಾ ಹತ್ತಿರ ಬಂದರೆ ಮಾತ್ರ ಲಕ್ಷ್ಮಣನ ಹಣೆ ನೀಲಿ, ಗದ್ದ ಹಸಿರು. ಇದು ನಮ್ಮ ಬಡತನದ ಉಪಾಯ ಎಂದುಕೊಂಡಿದ್ದೆ. ಆದರೆ ಮನೆಯ ಟಿವಿಗೆ ಜೋಡಿಸುವ ಮೊಟ್ಟಮೊದಲ ಗೇಮ್ ಯಂತ್ರ, 1972ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮ್ಯಾಗ್ನವಾಕ್ಸ್ ಒಡಿಸ್ಸಿ ಕೂಡ ಇದನ್ನೇ ಮಾಡಿತ್ತು. ರಾಲ್ಫ್ ಬೇಯರ್ ರೂಪಿಸಿದ ಆ ಯಂತ್ರಕ್ಕೆ ಬಣ್ಣ ಗೊತ್ತಿರಲಿಲ್ಲ, ಸದ್ದು ಗೊತ್ತಿರಲಿಲ್ಲ. ಕೆಲವು ಬಿಳಿ ಚುಕ್ಕೆ, ಒಂದು ಗೆರೆ, ಅಷ್ಟೇ. ಟೆನ್ನಿಸ್ ಅಂಕಣ ಬೇಕೆಂದರೆ ಅಂಕಣದ ಚಿತ್ರವಿದ್ದ ಪ್ಲಾಸ್ಟಿಕ್ ಹಾಳೆಯನ್ನು ಪರದೆಗೆ ಅಂಟಿಸಿಕೊಳ್ಳಬೇಕು. ಟಿವಿಯ ಕೈಲಿ ಆಗದ್ದನ್ನು ಮನುಷ್ಯರೇ ತುಂಬಿಕೊಂಡು ಆಡುತ್ತಿದ್ದರು. ರಾಮಾಯಣ ನೋಡಿದವರೂ ಅಷ್ಟೇ.

ಆ ಹಳೆಯ ಪೆಟ್ಟಿಗೆಗೆ ನೆನಪಿನ ಶಕ್ತಿ ಎಂಬುದೇ ಇರಲಿಲ್ಲ. ಅಮೆರಿಕದ ಐಡಹೊ ರಾಜ್ಯದ ರೈತನ ಮಗ ಫಿಲೊ ಫಾರ್ನ್ಸ್‌ವರ್ತ್ ಆಲೂಗಡ್ಡೆ ಹೊಲದ ಸಾಲುಗಳನ್ನು ನೋಡಿ, ಚಿತ್ರವನ್ನೂ ಹೀಗೆ ಸಾಲುಸಾಲಾಗಿ ಉಳಬಹುದಲ್ಲ ಎಂದು ಯೋಚಿಸಿದಾಗ ಅವನಿಗೆ ಹದಿನಾಲ್ಕು ವರ್ಷ. 1927ರ ಸೆಪ್ಟೆಂಬರ್ 7ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಅವನು ಒಂದು ಗೆರೆಯನ್ನು ಹಾಗೆ ರವಾನಿಸಿ ತೋರಿಸಿದ. ನಮ್ಮ ಮನೆಯ ಟಿವಿಯೊಳಗೂ ಎಲೆಕ್ಟ್ರಾನುಗಳ ಎಳೆಯೊಂದು ಗಾಜಿನ ಹಿಂಬದಿಯಲ್ಲಿ 625 ಗೆರೆಗಳ ಲೆಕ್ಕದಲ್ಲಿ ಓಡಾಡುತ್ತಿತ್ತು, ಸೆಕೆಂಡಿಗೆ 25 ಚಿತ್ರ. ಆಂಟೆನಾಕ್ಕೆ ಬಂದದ್ದು ಬಂದ ಗಳಿಗೆಯಲ್ಲೇ ಪರದೆಯ ಮೇಲೆ. ಕೂಡಿಟ್ಟುಕೊಳ್ಳಲು ಜಾಗವಿಲ್ಲ, ತಿದ್ದಲು ಪುರುಸೊತ್ತಿಲ್ಲ.

ಈ ಪುರುಸೊತ್ತಿಲ್ಲದ ಗುಣದ ಬೆಲೆ ತಿಳಿದದ್ದು ನನ್ನ ತಮ್ಮನ ಬಂದೂಕಿನಿಂದ. ತೊಂಬತ್ತರ ದಶಕದಲ್ಲಿ ಪೇಟೆಯಲ್ಲೆಲ್ಲ ಜಪಾನಿನ ನಿಂಟೆಂಡೊ ಯಂತ್ರದ ನಕಲುಗಳು ‘ಟಿವಿ ಗೇಮ್’ ಎಂಬ ಹೆಸರಲ್ಲಿ ಸಿಗುತ್ತಿದ್ದವು. ಮಾರಿಯೊ, ಕಾಂಟ್ರಾ, ಜೊತೆಗೆ ಬಾತುಕೋಳಿ ಹೊಡೆಯುವ ‘ಡಕ್ ಹಂಟ್’. ಪ್ಲಾಸ್ಟಿಕ್ ಬಂದೂಕಿನಿಂದ ಪರದೆಯ ಬಾತಿಗೆ ಗುರಿಯಿಟ್ಟು ಹೊಡೆದರೆ ಅದು ನಿಜವಾಗಿ ಬೀಳುತ್ತಿತ್ತು. ಬಂದೂಕಿನಿಂದ ಏನೋ ಹೊರಟು ಟಿವಿಗೆ ತಾಗುತ್ತದೆಂದು ಅವ್ವ ದೂರ ಕೂಡುತ್ತಿದ್ದಳು. ನಡೆಯುತ್ತಿದ್ದದ್ದು ತಿರುಗಾಮುರುಗಾ: ಕುದುರೆ ಒತ್ತಿದೊಡನೆ ಪರದೆ ಕ್ಷಣಮಾತ್ರ ಕಪ್ಪಾಗಿ, ಬಾತಿದ್ದ ಜಾಗದಲ್ಲಿ ಒಂದು ಬಿಳಿ ಚೌಕ ಮೂಡಿ ಮಾಯವಾಗುತ್ತಿತ್ತು. ನಳಿಗೆಯೊಳಗಿನ ಬೆಳಕಿನ ಕಣ್ಣಿಗೆ ಆ ಬಿಳುಪು ಕಂಡರೆ ಬಾತು ಸತ್ತಿತು, ಕಾಣದಿದ್ದರೆ ನಾಯಿ ನಕ್ಕಿತು. ಅದೇ ಯಂತ್ರ, ಅದೇ ಬಂದೂಕನ್ನು ಇವತ್ತಿನ ಟಿವಿಗೆ ಜೋಡಿಸಿ ನೋಡಿ, ಒಂದು ಬಾತೂ ಬೀಳುವುದಿಲ್ಲ. ಬಂದೂಕು ಕಣ್ಣು ತೆರೆದು ಮುಚ್ಚುವಷ್ಟರಲ್ಲಿ ಬಿಳಿ ಚೌಕ ಇನ್ನೂ ಟಿವಿಯ ಹೊಟ್ಟೆಯಲ್ಲೇ ಇರುತ್ತದೆ.

ಏಕೆಂದರೆ ಈಗಿನ ಟಿವಿ ಬಂದ ಚಿತ್ರವನ್ನು ಮೊದಲು ಒಳಗೆ ಕರೆದುಕೊಳ್ಳುತ್ತದೆ. ಹಿಂದಿನದರ ಜೊತೆ ಹೋಲಿಸುತ್ತದೆ, ಅಂಚು ಹರಿತ ಮಾಡುತ್ತದೆ, ಬಣ್ಣ ಏರಿಸುತ್ತದೆ. ಪಂಕ್ತಿಯಲ್ಲಿ ಬಡಿಸುವವನು ಪ್ರತಿ ಎಲೆಯ ಮುಂದೆ ನಿಂತು ಸಾರಿನ ರುಚಿ ನೋಡಿ, ತನಗೆ ತೋಚಿದಷ್ಟು ಉಪ್ಪು ಬೆರೆಸಿ ಬಡಿಸಿದ ಹಾಗೆ. ಊಟ ತಡವಾಗುತ್ತದೆ, ಅಡುಗೆ ಮಾಡಿದವಳ ಕೈರುಚಿಯೂ ಕೆಡುತ್ತದೆ. ತಡವಾಗುವುದು ಮಗಳ ದೂರು, ರುಚಿ ಕೆಡುವುದು ನನ್ನದು.

ಅವಳ ಲೆಕ್ಕ ಮಿಲಿಸೆಕೆಂಡುಗಳಲ್ಲಿ. ಸೆಕೆಂಡಿಗೆ 60 ಚಿತ್ರವಿರುವ ಆಟದಲ್ಲಿ ಒಂದು ಚಿತ್ರದ ಆಯುಷ್ಯ 16.7 ಮಿಲಿಸೆಕೆಂಡು, 120 ಇದ್ದರೆ ಅದರ ಅರ್ಧ. ಟಿವಿ ತಿದ್ದುತ್ತ ಕೂತರೆ ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲಿನವ ಜಿಗಿಯುವುದಕ್ಕೂ ನಡುವೆ ಹಲವು ಚಿತ್ರಗಳು ಕಳೆದುಹೋಗುತ್ತವೆ, ಅಷ್ಟರಲ್ಲಿ ಎದುರಾಳಿಯ ಕತ್ತಿ ತನ್ನ ಕೆಲಸ ಮುಗಿಸಿರುತ್ತದೆ. ‘ಗೇಮ್ ಮೋಡ್’ ಎಂಬುದು ಟಿವಿಗೆ ಹೊಸದೇನನ್ನೂ ಕಲಿಸುವುದಿಲ್ಲ, ಈ ತಿದ್ದುಪಡಿಗಳನ್ನೆಲ್ಲ ಬಂದ್ ಮಾಡುತ್ತದೆ. ಇನ್ನೊಂದು ಸೌಲಭ್ಯ ವಿಆರ್‌ಆರ್. ಆಟ ಒಮ್ಮೆ ವೇಗವಾಗಿ ಒಮ್ಮೆ ತಡವರಿಸಿ ಚಿತ್ರ ಕಳಿಸಿದರೆ, ಟಿವಿ ತನ್ನ ಹೆಜ್ಜೆ ಬಿಟ್ಟು ಆಟದ ಹೆಜ್ಜೆಗೆ ಹೆಜ್ಜೆ ಹಾಕುತ್ತದೆ.

ನನ್ನ ಲೆಕ್ಕ 24. ಸಿನಿಮಾಕ್ಕೆ ಮಾತು ಬಂದಂದಿನಿಂದ ಅದು ಸೆಕೆಂಡಿಗೆ 24 ಚಿತ್ರಗಳಲ್ಲೇ ಉಸಿರಾಡುತ್ತಿದೆ. 60 ಸಲ ಮಿಟುಕುವ ಪರದೆಗೆ 24 ಸರಿಯಾಗಿ ಹಂಚಿಕೆಯಾಗುವುದಿಲ್ಲ. ಒಂದು ಚಿತ್ರ ಮೂರು ಸಲ, ಮುಂದಿನದು ಎರಡು ಸಲ ತೋರಿಸಿ ಟಿವಿ ಹೇಗೋ ಸರಿದೂಗಿಸುತ್ತದೆ. ಕ್ಯಾಮೆರಾ ನಿಧಾನಕ್ಕೆ ಪಕ್ಕಕ್ಕೆ ತಿರುಗುವಾಗ ಆ ಕುಂಟು ಕಾಣುತ್ತದೆ. 120 ಆದರೆ ಪ್ರತಿ ಚಿತ್ರವೂ ನಿಖರವಾಗಿ ಐದು ಸಲ. ಮಗಳು ತನ್ನ ಆಟಕ್ಕೆಂದು 120 ಹರ್ಟ್ಸ್ ಕೇಳಿದಾಗ ನಾನು ಎರಡೂ ಕೈ ಎತ್ತಿದ್ದು ಇದಕ್ಕೇ. ಕುಂಟು ಕಾಣಬಾರದೆಂದು ಎರಡು ಚಿತ್ರಗಳ ನಡುವೆ ಟಿವಿ ತಾನೇ ಊಹಿಸಿ ಮೂರನೆಯದನ್ನು ತುರುಕುವುದೂ ಉಂಟು. ಆಗ ಕೋಟಿಗಟ್ಟಲೆ ಸುರಿದು ತೆಗೆದ ಸಿನಿಮಾ ಮಧ್ಯಾಹ್ನದ ಧಾರಾವಾಹಿಯ ಹಾಗೆ ಜಾರತೊಡಗುತ್ತದೆ. 2018ರಲ್ಲಿ ಟಾಮ್ ಕ್ರೂಸ್, ನಿರ್ದೇಶಕ ಕ್ರಿಸ್ಟೊಫರ್ ಮೆಕ್ವಾರಿ ಇಬ್ಬರೂ ಒಂದು ವಿಡಿಯೊ ಮಾಡಿ, ದಯವಿಟ್ಟು ನಿಮ್ಮ ಟಿವಿಯಲ್ಲಿ ಇದನ್ನು ಬಂದ್ ಮಾಡಿ ಎಂದು ಲೋಕಕ್ಕೆಲ್ಲ ಬೇಡಿಕೊಂಡರು. ವಿಮಾನದ ಹೊರಗೆ ಜೋತುಬಿದ್ದ ಮನುಷ್ಯನೂ ಟಿವಿಯ ಸೆಟ್ಟಿಂಗ್ಸ್ ಮುಂದೆ ಕೈ ಮುಗಿಯಬೇಕಾಯಿತು. ಮರುವರ್ಷ ‘ಫಿಲ್ಮ್‌ಮೇಕರ್ ಮೋಡ್’ ಘೋಷಣೆಯಾಯಿತು. ಅದು ಮಾಡುವುದೂ ಇಷ್ಟೇ, ಟಿವಿಯ ಬಾಯಿ ಮುಚ್ಚಿಸುತ್ತದೆ.

ಇನ್ನು ಕತ್ತಲೆ. ಎಲ್‌ಸಿಡಿ ಟಿವಿಯಲ್ಲಿ ಬೆಳಕು ಹಿಂದೆ ಉರಿಯುತ್ತಲೇ ಇರುತ್ತದೆ. ಕಪ್ಪು ಎಂದರೆ ಆ ಬೆಳಕನ್ನು ತಡೆಯುವ ಪ್ರಯತ್ನ. ಪೂರ್ತಿ ತಡೆಯಲಾಗದೆ ರಾತ್ರಿಯ ದೃಶ್ಯ ಬೂದಿ ಬಣ್ಣಕ್ಕೆ ತಿರುಗುತ್ತದೆ. ಹಿಂಬದಿಯ ಬೆಳಕನ್ನು ನೂರಾರು ಭಾಗ ಮಾಡಿ, ಬೇಡವಾದ ಕಡೆ ಆರಿಸುವುದು ಮಿನಿ ಎಲ್‌ಇಡಿ. ಓಎಲ್‌ಇಡಿಯಲ್ಲಿ 4ಕೆ ಪರದೆಯ ಸುಮಾರು 83 ಲಕ್ಷ ಚುಕ್ಕೆಗಳೂ ತಮ್ಮ ತಮ್ಮ ದೀಪ ತಾವೇ ಹಚ್ಚಿ ತಾವೇ ಆರಿಸಿಕೊಳ್ಳುತ್ತವೆ. 1987ರಲ್ಲಿ, ನಮ್ಮಲ್ಲಿ ಲಕ್ಷ್ಮಣನ ಹಣೆ ನೀಲಿಯಾಗಿದ್ದ ವರ್ಷವೇ, ಕೊಡ್ಯಾಕ್ ಕಂಪನಿಯ ಚಿಂಗ್ ತಾಂಗ್ ಮತ್ತು ಸ್ಟೀವನ್ ವ್ಯಾನ್‌ಸ್ಲೈಕ್ ಇದರ ಮೂಲವಾದ ಸಾವಯವ ದೀಪವನ್ನು ಲೋಕದ ಮುಂದಿಟ್ಟರು. ಅದು 55 ಇಂಚಿನ ಟಿವಿಯಾಗಿ ಅಂಗಡಿಗೆ ಬಂದದ್ದು 2013ರಲ್ಲಿ.

ಅಂಗಡಿಯ ಹುಡುಗನಿಗೆ ಗಿಳಿಯನ್ನು ನಿಲ್ಲಿಸಿ ‘ಕಾಗಜ್ ಕೆ ಫೂಲ್’ ಹಾಕಲು ಹೇಳಿದೆ. ಗುರುದತ್ತರ 1959ರ ಚಿತ್ರ, ಭಾರತದ ಮೊದಲ ಸಿನಿಮಾಸ್ಕೋಪ್. ಕ್ಯಾಮೆರಾ ಹಿಡಿದವರು ನಮ್ಮ ಮೈಸೂರಿನ ವಿ.ಕೆ. ಮೂರ್ತಿ, ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. ಖಾಲಿ ಸ್ಟುಡಿಯೊದ ಕತ್ತಲೆಯೊಳಗೆ ಮೇಲಿಂದ ಇಳಿಯುವ ಬೆಳಕಿನ ಕೋಲು, ಅದಕ್ಕಾಗಿ ಅವರು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಗೆ ತಿರುಗಿಸಿದ್ದರು. ಎಲ್‌ಸಿಡಿಯಲ್ಲಿ ಆ ಕೋಲಿನ ಸುತ್ತ ಮಂಜು ಕವಿದಂತಿತ್ತು. ಓಎಲ್‌ಇಡಿಯಲ್ಲಿ ಕತ್ತಲೆ ಕತ್ತಲೆಯಾಗಿತ್ತು, ಆದ್ದರಿಂದ ಬೆಳಕು ಬೆಳಕಾಗಿತ್ತು. ಮಗಳೂ ಮಾತಾಡದೆ ನೋಡಿದಳು. “ಅಪ್ಪಾ, ಹಾರರ್ ಗೇಮಿಗೂ ಇದ ಬೇಕು” ಎಂದಳು.

ಮಸೂದೆ ಪಾಸಾಯಿತು ಎನ್ನುವಾಗ ಅವ್ವನ ನೆನಪಾಯಿತು. ಅವ್ವ ಮುಂಜಾನೆಯಿಂದ ಸಂಜೆಯ ತನಕ ಒಂದೇ ಸುದ್ದಿ ವಾಹಿನಿ ನೋಡುವವಳು. ಅದರ ಮೂಲೆಯ ಲಾಂಛನ, ಕೆಳಗಿನ ಕೆಂಪು ಪಟ್ಟಿ ವರ್ಷಗಟ್ಟಲೆ ಜಾಗ ಬಿಟ್ಟು ಕದಲುವುದಿಲ್ಲ. ಓಎಲ್‌ಇಡಿಗೆ ಇದೊಂದು ಆಗಿಬರದು. ಒಂದೇ ಜಾಗದಲ್ಲಿ ಒಂದೇ ಸಮ ಉರಿದ ಚುಕ್ಕೆಗಳು ಬೇಗ ಸವೆದು ಅಚ್ಚು ಉಳಿಯುತ್ತದೆ. ಗುರುದತ್ತರ ಮುಖದ ಕೆಳಗೆ ‘ಬ್ರೇಕಿಂಗ್ ನ್ಯೂಸ್’ ಪಟ್ಟಿಯ ನೆರಳು! ಮೇಲಾಗಿ ನಮ್ಮ ಪಡಸಾಲೆಗೆ ಪೂರ್ವದ ಕಿಟಕಿ, ಬಿಸಿಲಿನ ಎದುರು ನಿಲ್ಲುವ ಬೆಳಕು ಬೇಕು. ಮಿನಿ ಎಲ್‌ಇಡಿಗೆ ಓಟು ಬಿತ್ತು. ಗೋಡೆಯಿಂದ ಸೋಫಾಕ್ಕೆ ಏಳೂವರೆ ಅಡಿ. ಕರ್ಣದ ಅಳತೆಯ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ದೂರ ಕೂತರೆ ಹಿತ ಎಂಬ ಲೆಕ್ಕದಲ್ಲಿ 55 ಇಂಚು. ಮಗಳು ಟಿವಿಯ ಬೆನ್ನು ತಿರುಗಿಸಿ, ನಾಲ್ಕು ಎಚ್‌ಡಿಎಂಐ ಕಿಂಡಿಗಳಲ್ಲಿ 120 ಹರ್ಟ್ಸ್ ಒಪ್ಪುವವು ಯಾವುವೆಂದು ಟಾರ್ಚ್ ಹಿಡಿದು ಓದಿದಳು. ಎರಡೇ. ಆದರೂ ಸಾಕು.

ಮನೆಯಲ್ಲಿ ಹೆಂಡತಿಯ ತಪಾಸಣೆ ಬೇರೆಯೇ. ಸಿನಿಮಾಸ್ಕೋಪ್ ಚಿತ್ರ ಹಾಕಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ, ಪರದೆಯ ಕಾಲು ಭಾಗ ಖಾಲಿ. “ಅಷ್ಟಕ್ಕೂ ರೊಕ್ಕ ಕೊಟ್ಟೇವಲ್ಲ?” ಎಂದಳು. ಎರಡನೆಯ ಆಕ್ಷೇಪಕ್ಕೆ ನನ್ನ ಬಳಿ ಉತ್ತರವಿರಲಿಲ್ಲ: ಅಡುಗೆಮನೆಗೆ ಮಾತು ಕೇಳಿಸುತ್ತಿರಲಿಲ್ಲ. ಮರದ ಪೆಟ್ಟಿಗೆಯ ಕಾಲದಲ್ಲಿ ಸ್ಪೀಕರ್ ನಮ್ಮ ಕಡೆ ಮುಖ ಮಾಡಿ ಕೂಡುತ್ತಿತ್ತು. ಬೆರಳಿನ ದಪ್ಪಕ್ಕಿಳಿದ ಟಿವಿಯಲ್ಲಿ ಅದಕ್ಕೆ ಜಾಗವಿಲ್ಲದೆ ನೆಲದ ಕಡೆ ಗೊಣಗುತ್ತದೆ. ಸೌಂಡ್‌ಬಾರ್ ಬಂತು, ಹಣಕಾಸು ಖಾತೆಯೇ ಮಂಜೂರು ಮಾಡಿತು.

ಎಲ್ಲ ಮುಗಿಯಿತು ಎನ್ನುವಾಗ ಹೆಂಡತಿಯ ಅಣ್ಣ ಬಂದರು. ಹೊಸ ಟಿವಿಯ ಮುಂದೆ ನಿಂತು, ತಲೆ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ವಾಲಿಸಿ ನೋಡಿ, “ಅಲ್ರೀ ಬೀಗರ, ಇಷ್ಟ ರೊಕ್ಕ ಕೊಟ್ಟು ಡಲ್ ಪೀಸ್ ತಂದೀರಲ್ಲ? ನಮ್ಮ ಮನ್ಯಾಗಿಂದು ಹೆಂಗ ಹೊಳೀತೈತಿ!” ಎಂದರು. 24 ಚಿತ್ರದ ಲೆಕ್ಕ, ಮೂರ್ತಿಯವರ ಕನ್ನಡಿ ಎಲ್ಲವೂ ನನ್ನ ಗಂಟಲಿಗೆ ಬಂದವು. ಹೆಂಡತಿ ಕಣ್ಣಲ್ಲೇ ತಡೆದಳು.

ಅವತ್ತಿನಿಂದ ನಮ್ಮ ಟಿವಿಯ ಆಡಳಿತ ಸುಸೂತ್ರವಾಗಿದೆ. ನನಗೆ ಫಿಲ್ಮ್‌ಮೇಕರ್, ಮಗಳಿಗೆ ಗೇಮ್, ಅವ್ವನ ಸುದ್ದಿಗೆ ಸ್ಟ್ಯಾಂಡರ್ಡ್, ಬೀಗರು ಬಂದಾಗ ವಿವಿಡ್.