ನಾಲ್ಕು ಸೇರು ಗಂಧಕಸಾಲೆ

ಕಳೆದ ವರ್ಷ ಮಳೆಗಾಲಕ್ಕೆ ಮುನ್ನ ಪನಮರಂ ಕಡೆಯ ಹಿರಿಯ ಕೃಷಿಕರೊಬ್ಬರು ಕಲ್ಪೆಟ್ಟದ ನನ್ನ ಕಛೇರಿಗೆ ಬಂದಿದ್ದರು. ಗಡಿ ವ್ಯಾಜ್ಯದ ಮಾತು ಮುಗಿಸಿ ಏಳುವಾಗ ಕೇಳಿದರು: “ವಕೀಲರೇ, ಜೀನ್ ತಿದ್ದಿದ ಭತ್ತ ಬಂದಿದೆಯಂತೆ. ಅದರ ಬೀಜ ಎತ್ತಿಟ್ಟು ಮರುವರ್ಷ ಬಿತ್ತಿದರೆ ನಮ್ಮ ಮೇಲೆ ದಾವೆ ಹೂಡುತ್ತಾರೆಯೇ?”

ಪ್ರಶ್ನೆ ಅಕಾರಣವಾದುದಲ್ಲ. ಸಾಂಬಾ ಮಸೂರಿಯನ್ನು ತಿದ್ದಿ ರೂಪಿಸಿದ ‘ಕಮಲಾ’ ತಳಿಯನ್ನು ಕೇಂದ್ರ ಸರಕಾರವು 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಅದರೊಳಗೆ ಅನ್ಯ ಜೀವಿಯ ಜೀನನ್ನು ಸೇರಿಸಿಲ್ಲ. ಗಿಡದ್ದೇ ಆದ ಒಂದು ಜೀನನ್ನು ತಿದ್ದಿ ತೆನೆಯಲ್ಲಿ ಕಾಳು ಹೆಚ್ಚುವಂತೆ ಮಾಡಿದ್ದಾರೆ. 2019ರಲ್ಲಿ ಗುಜರಾತಿನ ಆಲೂಗಡ್ಡೆ ಬೆಳೆಗಾರರ ಮೇಲೆ ಬಹುರಾಷ್ಟ್ರೀಯ ಕಂಪೆನಿಯೊಂದು ದಾವೆ ಹೂಡಿ, ಅನಂತರ ಹಿಂತೆಗೆದುಕೊಂಡ ಸುದ್ದಿಯೂ ಅವರ ನೆನಪಿನಲ್ಲಿತ್ತು. ನಾನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯನ್ನು ತೆಗೆದು 39ನೆಯ ಕಲಮನ್ನು ಓದಿ ಹೇಳಿದೆ. ಸಂರಕ್ಷಿತ ತಳಿಯ ಬೀಜವನ್ನೂ ರೈತನು ಉಳಿಸಬಹುದು, ಬಿತ್ತಬಹುದು, ನೆರೆಯವನಿಗೆ ಕೊಡಬಹುದು, ಮಾರಲೂಬಹುದು. ಪೊಟ್ಟಣ ಕಟ್ಟಿ, ಇಂಥ ಸಂರಕ್ಷಿತ ತಳಿಯೆಂದು ಚೀಟಿ ಅಂಟಿಸಿ ಮಾರುವಂತಿಲ್ಲ, ಅಷ್ಟೆ.

ಹಿರಿಯರು ತಲೆದೂಗಿದರು. “ನಿಮ್ಮ ಮನೆಯಲ್ಲಿ ಗಂಧಕಸಾಲೆ ಇತ್ತಲ್ಲವೇ? ನಾಲ್ಕು ಸೇರು ಬೀಜ ಸಿಕ್ಕೀತೇ?”

ನನ್ನಲ್ಲಿ ಉತ್ತರವಿರಲಿಲ್ಲ. ತಂದೆಯವರು ತೀರಿಕೊಂಡ ಮೇಲೆ ಗದ್ದೆಯಲ್ಲಿ ನೇಂದ್ರಬಾಳೆ ನೆಡಿಸಿದವನು ನಾನೇ. ಗಂಧಕಸಾಲೆ ಎತ್ತರ ಬೆಳೆದು ಗಾಳಿಮಳೆಗೆ ಮಲಗುತ್ತದೆ, ಇಳುವರಿಯೂ ಕಡಿಮೆ. ತಾಯಿಯವರು ಒಂದು ಮಡಕೆಯಷ್ಟು ಬೀಜವನ್ನು ಕಟ್ಟಿಟ್ಟಿದ್ದರು. ಮೂರನೆಯ ವರ್ಷ ನೆನೆಹಾಕಿ ನೋಡಿದಾಗ ಮೊಳಕೆ ಬರಲಿಲ್ಲ. ಅವರು ನನಗೆ ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತು.

ಬಾಸುಮತಿ ಮೊದಲಾದ ಅಕ್ಕಿಗಳ ಪರಿಮಳಕ್ಕೆ ಒಂದು ಜೀನ್ ತನ್ನ ಕೆಲಸವನ್ನು ನಿಲ್ಲಿಸಿರುವುದೇ ಕಾರಣವೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಸಾಮಾನ್ಯ ಭತ್ತದಲ್ಲಿ ಆ ಜೀನನ್ನು ನಿಷ್ಕ್ರಿಯಗೊಳಿಸಿ ಪರಿಮಳ ಬರಿಸುವುದೂ ಪ್ರಯೋಗಶಾಲೆಗಳಲ್ಲಿ ಸಾಧ್ಯವಾಗಿದೆ. ನಾನು ಇದರ ವಿರೋಧಿಯಲ್ಲ. ಮಲಗದ ಗಿಡ್ಡ ಗಂಧಕಸಾಲೆಯೊಂದು ಆಗ ಇದ್ದಿದ್ದರೆ ಬಾಳೆಯ ಯೋಚನೆಯೇ ಬರುತ್ತಿರಲಿಲ್ಲವೇನೋ. ಆದರೆ ವಯನಾಡು ಗಂಧಕಸಾಲೆಗೆ ದೊರೆತಿರುವ ಭೌಗೋಳಿಕ ಸೂಚಕವು ಕಾಯುವುದು ಹೆಸರನ್ನು, ಪರಿಮಳವನ್ನಲ್ಲ. ನಾಳೆ ಅದೇ ಗುಣದ ಅಕ್ಕಿ ಬೇರೊಂದು ಹೆಸರಿನಲ್ಲಿ ಬಂದರೆ ಅದರ ಬಲದಿಂದ ತಡೆಯಲಾಗದು. ಉಡುಪಿಯ ಮಟ್ಟುಗುಳ್ಳವನ್ನು ಬಿಟಿ ಬದನೆಯ ಪ್ರಯೋಗಕ್ಕೆ ಬಳಸಿದಾಗ, ಬೆಳೆದವರನ್ನು ಕೇಳಿದ್ದೀರಾ ಎಂಬ ಪ್ರಶ್ನೆ ಎದ್ದಿತ್ತು. ನಮ್ಮ ತಳಿಯಿಂದ ಹೊಸ ತಳಿ ಮಾಡಿದವರಲ್ಲಿ ಲಾಭದ ಪಾಲು ಕೇಳಲು 2001ರ ಕಾಯಿದೆಯಲ್ಲಿ ದಾರಿಯಿದೆ. ಕೇಳಲು ಹೋದವನ ಪತ್ತಾಯದಲ್ಲಿ ಬೀಜವೇ ಇಲ್ಲದಿದ್ದರೆ ಎದುರು ಪಕ್ಷದ ವಕೀಲರ ಮೊದಲ ಪ್ರಶ್ನೆ ಏನಿದ್ದೀತೆಂದು ನಾನು ಬಲ್ಲೆ.

ಕಮ್ಮನದ ಚೆರುವಯಲ್ ರಾಮನ್ ಐವತ್ತಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿ 2023ರಲ್ಲಿ ಪದ್ಮಶ್ರೀ ಪಡೆದರು. ಅವರು ಕಾನೂನು ಓದಿದವರಲ್ಲ.

ಈ ವರ್ಷ ಬತ್ತೇರಿಯ ಬಂಧುಗಳೊಬ್ಬರಿಂದ ನಾಲ್ಕು ಸೇರು ಬೀಜ ತಂದೆ. ಎರಡು ಸೇರನ್ನು ಪನಮರಂಗೆ ಕಳುಹಿಸಿ, ಉಳಿದುದನ್ನು ಬಾಳೆ ಕಡಿದ ಕೆಳಗದ್ದೆಯಲ್ಲಿ ಬಿತ್ತಿಸಿದ್ದೇನೆ. ಕೊಯ್ಲಾದ ಮೇಲೆ ಅಷ್ಟನ್ನೂ ಹಿಂದಿರುಗಿಸುವುದಾಗಿ ಹಿರಿಯರು ಹೇಳಿಕಳುಹಿಸಿದ್ದಾರೆ. ಬರಹದಲ್ಲಿ ಬೇಡವೆಂದೆ.