ಮುಂದಿನ ಮನೆ ತನಕ

ಎಂಟನೇ ಕ್ಲಾಸಿನಲ್ಲಿ ನಾನೊಮ್ಮೆ ಎಂಟುನೂರು ಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದೆ. ಕೊಟ್ಟವನು ನಾನಲ್ಲ, ಪಕ್ಕದಲ್ಲಿ ಕೂರುತ್ತಿದ್ದ ಹುಡುಗ, ತಮಾಷೆಗೆ. ಮೈದಾನಕ್ಕೆ ನಾಲ್ಕು ಸುತ್ತು. ನಾನು ಮೂರನೆಯದರಲ್ಲಿದ್ದಾಗಲೇ ಉಳಿದವರದ್ದೆಲ್ಲ ಮುಗಿದಿತ್ತು. ಬಿಟ್ಟರೆ ಮರ್ಯಾದೆ ಹೋಗುತ್ತದೆಂದು ನಾಲ್ಕನೆಯದನ್ನೂ ಮುಗಿಸಿ ಬಂದೆ. ಬಂದು ನೋಡಿದರೆ, ಗುರಿಯಲ್ಲಿ ಹಗ್ಗ ಹಿಡಿದು ನಿಂತಿದ್ದ ಇಬ್ಬರು ಅದೇ ಹಗ್ಗದಲ್ಲಿ ಸ್ಕಿಪ್ಪಿಂಗ್ ಆಡುತ್ತಿದ್ದರು. ಪಿ.ಟಿ. ಮೇಷ್ಟ್ರು ನನ್ನತ್ತ ತಿರುಗಿ, "ಎಲ್ಲೋ ಹೋಗಿದ್ದೆ, ನೀರು ಕುಡಿಯೋಕಾ? ಹೋಗು, ಉದ್ದಜಿಗಿತದ ಮರಳು ಕೆದಕು" ಅಂದರು.

ಆಮೇಲೆ ಮೂವತ್ತೆಂಟು ವರ್ಷ ನಾನು ಬಸ್ಸು ಹಿಡಿಯುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಓಡಲಿಲ್ಲ.

ಐವತ್ತೊಂದನೇ ವಯಸ್ಸಿಗೆ ರಕ್ತದಲ್ಲಿ ಸಕ್ಕರೆ ಏರಿತು. ಡಾಕ್ಟರು ನಡೆಯಿರಿ ಅಂದರು. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತ ನಡೆಯುತ್ತ, ನನ್ನನ್ನು ದಾಟಿ ಓಡುತ್ತಿದ್ದ ಒಬ್ಬ ಹುಡುಗನ ಪರಿಚಯವಾಯಿತು. ಅವನು ನನ್ನನ್ನು ಒಂದು ವಾಟ್ಸ್ಆ್ಯಪ್ ಗ್ರೂಪಿಗೆ ಸೇರಿಸಿದ. ಅದು ಟ್ರಯಥ್ಲಾನ್ ಮಾಡುವವರ ಗ್ರೂಪು. ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ, ನಡುವೆ ಕೂರುವ ಹಾಗಿಲ್ಲ. ಹೆಂಡತಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಅಂದ್ರೆ ನಿಮಗೆ ಬರದೇ ಇರೋ ಮೂರು ಕೆಲ್ಸಾನ ಒಂದೇ ದಿನ ಮಾಡ್ತೀರಾ?" ಅಂದಳು. ರೂಪದರ್ಶಿ ಮಿಲಿಂದ್ ಸೋಮನ್ ಐವತ್ತರ ಹೊತ್ತಿಗೆ, 2015ರಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಪೂರ್ತಿ ಐರನ್‌ಮ್ಯಾನ್ ಟ್ರಯಥ್ಲಾನ್ ಮುಗಿಸಿದ್ದನ್ನು ಹೇಳಿದೆ. "ನೀವು ಹಾಗಿದ್ದಿದ್ರೆ ನಾನೂ ಸುಮ್ಮನಿರ್ತಿದ್ದೆ ಕಣ್ರೀ" ಎಂದು ಒಳಗೆ ಹೋದಳು.

ಈ ಐರನ್‌ಮ್ಯಾನ್ ಹುಟ್ಟಿದ್ದೇ ಒಂದು ಹರಟೆಯಿಂದ. 1977ರಲ್ಲಿ ಹವಾಯಿಯ ಒಆಹು ದ್ವೀಪದಲ್ಲಿ, ಓಟದ ಪಂದ್ಯವೊಂದರ ಬಹುಮಾನ ಸಮಾರಂಭದಲ್ಲಿ, ಈಜುವವನು ಗಟ್ಟಿಯೋ ಓಡುವವನು ಗಟ್ಟಿಯೋ ಎಂದು ಮಾತು ಬೆಳೆಯಿತಂತೆ. ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಎದ್ದು ನಿಂತು, ದ್ವೀಪದ ಮೂರು ಪಂದ್ಯಗಳನ್ನೂ ಸೇರಿಸಿ ಒಂದೇ ದಿನ ಮಾಡಿ ನೋಡೋಣ ಎಂದರು. 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, 42.2 ಕಿಲೋಮೀಟರ್ ಓಟ. 1978ರ ಫೆಬ್ರವರಿ 18ರಂದು ಹೊರಟವರು 15 ಜನ, ಮುಗಿಸಿದವರು 12. ಗೆದ್ದ ಗಾರ್ಡನ್ ಹ್ಯಾಲರ್ 11 ಗಂಟೆ 46 ನಿಮಿಷ ತೆಗೆದುಕೊಂಡ. ಸಲಹೆ ಕೊಟ್ಟ ತಪ್ಪಿಗೆ ಕಾಲಿನ್ಸ್ ಸುಮಾರು 17 ಗಂಟೆ ಒದ್ದಾಡಿದರು. ನನಗೆ ಇದರಲ್ಲಿ ಹಿಡಿಸಿದ ವಿವರ ಒಂದೇ. ಆವತ್ತು ಪ್ರತಿಯೊಬ್ಬನೂ ನೀರು, ಊಟ ಕೊಡುವ ತನ್ನ ಜನರನ್ನು ತಾನೇ ಕರೆದುಕೊಂಡು ಬರಬೇಕಿತ್ತು. ಎರಡನೆಯವನಾಗಿ ಬಂದ ಜಾನ್ ಡನ್‌ಬಾರ್‌ನ ಕಡೆಯವರ ಬಳಿ ನೀರು ಮುಗಿದು ಬಿಯರ್ ಕುಡಿಸಿದರೆಂದು ಈಗಲೂ ಹೇಳುತ್ತಾರೆ. ಒಬ್ಬನೇ ಮಾಡುವ ಆಟ ಎಂದು ಹೆಸರಾದರೂ ಇದು ಮೊದಲ ದಿನದಿಂದಲೂ ಜೊತೆಗೆ ಜನ ಬೇಕಾದ ಆಟವೇ.

ನನ್ನ ಜನ ಗ್ರೂಪಿನಲ್ಲಿದ್ದರು. ಮೈಸೂರು, ಹುಬ್ಬಳ್ಳಿ, ಮಂಗಳೂರು, ಬೆಂಗಳೂರು ಸೇರಿ ಅರವತ್ತು ಚಿಲ್ಲರೆ ಮಂದಿ. ನ್ಯೂಜೆರ್ಸಿಯಲ್ಲಿ ಒಬ್ಬ ದಾವಣಗೆರೆಯವರಿದ್ದರು. ನಮ್ಮ ಬೆಳಗಿನ ನಾಲ್ಕೂವರೆ ಅವರಿಗೆ ಹಿಂದಿನ ದಿನದ ಸಂಜೆಯಾದ್ದರಿಂದ, ನಾನು ಇವತ್ತು ಓಡಿದ್ದಕ್ಕೆ ಅವರು ನಿನ್ನೆಯೇ ಅಭಿನಂದಿಸುತ್ತಿದ್ದರು. ಯಾರ ಮುಖವನ್ನೂ ಸರಿಯಾಗಿ ಕಂಡವನಲ್ಲ. ಹೆಚ್ಚಿನವರ ಫೋಟೋದಲ್ಲಿ ಹೆಲ್ಮೆಟ್ಟು, ಕನ್ನಡಕ, ಹಲ್ಲು ಮೂರೇ ಕಾಣುತ್ತಿದ್ದವು.

ಮೊದಲ ದಿನ ಸರಸ್ವತಿಪುರಂನ ಈಜುಕೊಳಕ್ಕೆ ಹೋಗಿ ಬಂದವನು, "ಇವತ್ತು ನೀರಿಗಿಳಿದೆ" ಎಂದು ಹಾಕಿದೆ. ಇಪ್ಪತ್ತೇಳು ಹೆಬ್ಬೆಟ್ಟು ಬಂದವು. ಉಬ್ಬಿದ ತೋಳಿನ ಚಿತ್ರಗಳು, "ಸೂಪರ್ ಸಾರ್", "ಬೆಂಕಿ ಸಾರ್". ನೀರಿನಲ್ಲಿ ಬೆಂಕಿ ಹೇಗೆ ಎಂದು ಯಾರೂ ಯೋಚಿಸಿದ ಹಾಗಿರಲಿಲ್ಲ. ನನಗೇ ನಾಚಿಕೆಯಾಗಿ, "ಈಜಲಿಲ್ಲ, ಕಂಬಿ ಹಿಡಿದುಕೊಂಡು ನಿಂತಿದ್ದೆ" ಎಂದು ತಿದ್ದಿದೆ. "ಹಿಡಿತ ಮುಖ್ಯ ಸಾರ್" ಎಂದು ಇನ್ನೊಬ್ಬರು.

ಹೊಗಳಿಕೆಯಲ್ಲೂ ಹಣದುಬ್ಬರ ಇರುತ್ತದೆ. ಎರಡು ಕಿಲೋಮೀಟರ್ ಕುಂಟಿದವನಿಗೂ ಬೆಂಕಿ, ಚಾಮುಂಡಿಬೆಟ್ಟವನ್ನು ಒಂದೇ ಬೆಳಿಗ್ಗೆ ನಾಲ್ಕು ಸಲ ಸೈಕಲ್ಲಿನಲ್ಲಿ ಹತ್ತಿದವನಿಗೂ ಅದೇ ಬೆಂಕಿ. ಓಟ, ಸೈಕಲ್ಲಿನ ಲೆಕ್ಕ ಇಡುವ ಸ್ಟ್ರಾವಾ ಆ್ಯಪಿನಲ್ಲಿ ಒತ್ತುವ ಹೆಬ್ಬೆಟ್ಟಿಗೆ ಕುಡೋಸ್ ಎನ್ನುತ್ತಾರೆ. ಅದು ಗ್ರೀಕ್ ಮಾತು, ಹೋಮರನ ವೀರರು ರಣರಂಗದಲ್ಲಿ ಪ್ರಾಣ ಒತ್ತೆಯಿಟ್ಟು ಗಳಿಸುತ್ತಿದ್ದ ಕೀರ್ತಿಗೆ ಇದ್ದ ಹೆಸರು. ನಾನು ನಂದಿನಿ ಬೂತಿನ ತನಕ ಹೋಗಿ ಬಂದು ಅಂಥ ಹತ್ತು ಕೀರ್ತಿ ಗಳಿಸಿದ್ದೇನೆ. ಅದೇ ಬೂತಿನವನು, ಮೈಗೆ ಅಂಟಿದ ಟ್ರೈಸೂಟಿನಲ್ಲಿ ಮೊದಲ ಸಲ ನನ್ನನ್ನು ನೋಡಿದಾಗ, ದೃಷ್ಟಿ ಬೇರೆ ಕಡೆ ತಿರುಗಿಸಿ, "ಕತ್ಲೆ ಇದ್ದಾಗ್ಲೇ ಮನೆಗೆ ಹೋಗ್ಬಿಡಿ ಸಾರ್" ಅಂದಿದ್ದ. ಅವನು ನಮ್ಮ ಗ್ರೂಪಿನವನಲ್ಲ.

ಸುಳ್ಳು ಹೊಗಳಿಕೆ ಎಂದು ಗೊತ್ತಿದ್ದೂ ನಾನು ಅಲಾರಂ ಹೊಡೆದರೆ ಏಳುತ್ತಿದ್ದೆ. ಕಾರಣ ಇಷ್ಟೆ, ಆ ಹೊತ್ತಿಗೆ ಗ್ರೂಪಿನಲ್ಲಿ ಒಬ್ಬರು ಎದ್ದಿರುತ್ತಿದ್ದರು. ತೀರ್ಥಹಳ್ಳಿ ಕಡೆಯವರು, ಅಂಚೆ ಇಲಾಖೆಯಿಂದ ನಿವೃತ್ತರು. ಎಲ್ಲರೂ ಅಂಚೆ ಸಾರ್ ಎನ್ನುತ್ತಿದ್ದರು. ನಾಲ್ಕೂ ಇಪ್ಪತ್ತಕ್ಕೆ ಅವರ ಸಂದೇಶ ಬೀಳುತ್ತಿತ್ತು: "ಯಾರ್ಯಾರು ಹೊರಟ್ರಿ?" ಬೆಂಕಿಯಿಲ್ಲ, ತೋಳಿಲ್ಲ, ಹಾಜರಿ ಪುಸ್ತಕವಷ್ಟೇ. ನೀವು ಹೊರಟೆ ಎಂದರೆ ಸಂಜೆ ಮರೆಯದೆ ಕೇಳುತ್ತಿದ್ದರು: "ಮಂಡಿ ಹೇಗಿದೆ? ನಿನ್ನೆ ಎಡಗಡೆದು ಅಂದಿದ್ರಿ."

ಒಂದೂವರೆ ವರ್ಷದ ತಯಾರಿಯ ಮೇಲೆ ಗೋವಾದ ಐರನ್‌ಮ್ಯಾನ್ 70.3ಕ್ಕೆ ಹೆಸರು ಕೊಟ್ಟೆ. ಈ ಸಲ ಕೊಟ್ಟವನು ನಾನೇ. ಪೂರ್ತಿಯದರ ಅರ್ಧ: 1.9 ಕಿಲೋಮೀಟರ್ ಈಜು, 90 ಸೈಕಲ್, 21.1 ಓಟ. ಒಟ್ಟು ಎಂಟೂವರೆ ಗಂಟೆಯ ಗಡುವು, ಘಟ್ಟ ಘಟ್ಟಕ್ಕೂ ಒಂದೊಂದು ಒಳಗಡುವು. ಹಿಂದಿನ ರಾತ್ರಿ ಮಿರಾಮಾರ್ ದಂಡೆಗೆ ಹೋಗಿ ಸಮುದ್ರ ನೋಡಿದೆ. ಐವತ್ತು ಮೀಟರ್ ಕೊಳದಲ್ಲಿ ಮೂವತ್ತೆಂಟು ಸಲ ಎಂದು ಲೆಕ್ಕ ಹಾಕಿದ್ದೆನಲ್ಲ, ಇಲ್ಲಿ ಗೋಡೆಯೂ ಇಲ್ಲ, ಕಂಬಿಯೂ ಇಲ್ಲ, ಆಚೆ ಕಡೆಯೂ ಇಲ್ಲ. ಗ್ರೂಪಿಗೆ, "ಭಯ ಆಗ್ತಿದೆ" ಎಂದು ಬರೆದೆ. ಮೂವತ್ತು ತೋಳುಗಳು ಬಂದವು. ಅದರ ಹಿಂದೆಯೇ ಫೋನು ಬಂತು, ಅಂಚೆ ಸಾರ್ ಅವರದ್ದು. ಅವರ ದನಿ ಕೇಳಿದ್ದು ಅದೇ ಮೊದಲು.

"ಎಂತ ಭಯ ಮಾರಾಯ್ರೆ?"

"ದೂರ ನೋಡಿದ್ರೆ ಭಯ ಸಾರ್."

"ದೂರ ಯಾಕೆ ನೋಡ್ತೀರಿ? ನಂಗೆ ದಿನಕ್ಕೆ ಮೂವತ್ತು ಕಿಲೋಮೀಟರ್ ಬೀಟ್ ಇತ್ತು. ಮಳೆಗಾಲ. ಸಂಕ ಕೊಚ್ಚಿ ಹೋದ್ರೆ ಚೀಲ ತಲೆ ಮೇಲಿಟ್ಟು ಹಳ್ಳ ಈಜೋದು. ಏರು ಬಂದ್ರೆ ಸೈಕಲ್ ನಮ್ಮನ್ನ ಹೊರೋದಿಲ್ಲ, ನಾವೇ ಅದನ್ನ ಹೊತ್ತು ನಡೆಯೋದು. ಕಾಲಿಗೆ ಉಂಬಳ. ಮೂವತ್ತು ಕಿಲೋಮೀಟರ್ ಅಂತ ಒಂದಿನ ಯೋಚಿಸಿದ್ರೂ ರಾಜೀನಾಮೆ ಕೊಡ್ತಿದ್ದೆ. ಮುಂದಿನ ಮನೆ ತನಕ ಹೋಗೋದು, ಕಾಗದ ಕೊಡೋದು. ಆಮೇಲೆ ಅದರ ಮುಂದಿನ ಮನೆ. ಅಷ್ಟೇ."

ಸ್ವಲ್ಪ ತಡೆದು, "ನೋಡಿ, ನಾನು ದಿನಾ ಟ್ರಯಥ್ಲಾನ್ ಮಾಡ್ತಿದ್ದೆ. ಯಾರೂ ಮೆಡಲ್ ಕೊಡ್ಲಿಲ್ಲ. ಒಂದೊಂದು ಮನೇಲಿ ಕಾಫಿ ಕೊಡ್ತಿದ್ರು" ಎಂದು ಫೋನಿಟ್ಟರು.

ಬೆಳಿಗ್ಗೆ ನೀರಿಗೆ ಬಿದ್ದೆ. ಉಪ್ಪುನೀರು ಮೂಗಿಗೆ ನುಗ್ಗಿತು, ಯಾರದೋ ಹಿಮ್ಮಡಿ ಕೆನ್ನೆಗೆ ತಾಗಿತು. ದಾರಿ ತೋರಿಸಲು ತೇಲಿಬಿಟ್ಟ ಬಣ್ಣದ ದೊಡ್ಡ ಬುರುಡೆಗಳಿಗೆ ಒಂದೊಂದು ಮನೆಯ ಹೆಸರು ಕೊಟ್ಟೆ. ಮೊದಲನೆಯದು ಶ್ಯಾನುಭೋಗರ ಮನೆ, ಅಲ್ಲೊಂದು ಮನಿಯಾರ್ಡರು. ಎರಡನೆಯದು ಮೇಷ್ಟ್ರ ಮನೆ, ಮಗಳು ಹೆತ್ತ ಸುದ್ದಿ. ಮೂರನೆಯದರಲ್ಲಿ ನಾಯಿಯಿದೆ, ದೂರದಿಂದಲೇ ಎಸೆದು ಮುಂದೆ ಹೋಗಬೇಕು. ಹೀಗೆ ಹಂಚುತ್ತ ಹಂಚುತ್ತ ಮೊಣಕೈಗೆ ಮರಳು ತಾಗಿದಾಗ ಗಡುವಿಗೆ ಇನ್ನೂ ನಾಲ್ಕು ನಿಮಿಷವಿತ್ತು.

ಆ ಖುಷಿಯಲ್ಲೇ ಕೆಟ್ಟೆ. ಈಜಿನಿಂದ ಸೈಕಲ್ಲಿಗೆ ಹೋಗುವ ಜಾಗದಲ್ಲಿ ಹುಡುಗರು ಒದ್ದೆ ಮೈಯಲ್ಲೇ ಸೈಕಲ್ ಹಿಡಿದು ಓಡುತ್ತಾರೆ. ನಾನು ಕೂತು ಕಾಲುಬೆರಳ ಸಂದಿ ಒರೆಸಿದೆ. ಒದ್ದೆ ತಲೆಗೆ ಗಾಳಿ ಹೊಡೆದರೆ ಶೀತ ಎಂದು ಅಮ್ಮ ಹೇಳುತ್ತಿದ್ದದ್ದು ನೆನಪಾಗಿ ತಲೆ ಒರೆಸಿದೆ. ಉಳಿದ ನಾಲ್ಕು ಕೂದಲನ್ನು ಬಾಚಿ, ಅದರ ಮೇಲೆ ಹೆಲ್ಮೆಟ್ ಹಾಕಿದೆ. ಹೆಂಡತಿ ಕಟ್ಟಿಕೊಟ್ಟ ಕೊಬ್ಬರಿ ಮಿಠಾಯಿ ತಿಂದು, ಕೈ ತೊಳೆದು ಹೊರಟಾಗ ಹದಿನಾಲ್ಕು ನಿಮಿಷ ಕಳೆದಿತ್ತು. ಗೋವಾದ ಸೆಖೆಯಲ್ಲಿ ತೊಂಬತ್ತು ಕಿಲೋಮೀಟರ್ ತುಳಿದು ಬಂದೆ. ಸೈಕಲ್ಲಿನ ಗಡುವು ಮುಗಿದು ಆರು ನಿಮಿಷವಾಗಿತ್ತು. ಇಪ್ಪತ್ತರ ಒಬ್ಬಳು ಸ್ವಯಂಸೇವಕಿ ಬಗ್ಗಿ, ನನ್ನ ಕಾಲಿಗೆ ಕಟ್ಟಿದ್ದ, ಸಮಯ ಅಳೆಯುವ ಚಿಪ್ಪನ್ನು ಬಿಚ್ಚಿಕೊಂಡು, "ಸಾರಿ ಅಂಕಲ್" ಅಂದಳು. ತಲೆ ಬಾಚಿ ಸೋತವನು ಆ ದಿನ ನಾನೊಬ್ಬನೇ ಇರಬೇಕು.

ಫೋನು ತೆರೆದೆ. ಗ್ರೂಪಿನಲ್ಲಿ ನೂರಕ್ಕೂ ಹೆಚ್ಚು ಅಭಿನಂದನೆಗಳು. ನಾನು ಓಟದಲ್ಲಿದ್ದೇನೆಂದು ಯಾರೋ ತಿಳಿದು, ಸಿದ್ಧವಾಗಿದ್ದ ಸಂದೇಶವನ್ನು ಮೊದಲೇ ಒತ್ತಿಬಿಟ್ಟಿದ್ದರು. ಉಳಿದವರೂ ಹಿಂದೆ ಮುಂದೆ ನೋಡದೆ ಅದೇ ದಾರಿ ಹಿಡಿದಿದ್ದರು. "ಸೈಕಲ್ಲಿನಲ್ಲಿ ಗಡುವು ಮೀರಿತು. ಮುಗಿಯಲಿಲ್ಲ" ಎಂದು ಬರೆದೆ. ಎರಡು ನಿಮಿಷ ಸದ್ದಿಲ್ಲ. ಇದಕ್ಕೆ ಯಾವ ಚಿತ್ರ ಒತ್ತಬೇಕೆಂದು ಅರವತ್ತು ಮಂದಿಗೂ ತೋಚಿರಲಿಕ್ಕಿಲ್ಲ. ಆಮೇಲೆ ಅಂಚೆ ಸಾರ್ ಬರೆದರು:

"ಸಮುದ್ರದಲ್ಲಿ ಎಷ್ಟು ಮನೆ ಆಯ್ತು?"

"ಎಲ್ಲ ಮನೆಗೂ ಹಂಚಿದೆ ಸಾರ್."

"ಹಾಗಾದ್ರೆ ಆ ಚೀಲ ಖಾಲಿ. ಇವತ್ತಿಗೆ ಸಾಕು."

ಹೋಟೆಲಿಗೆ ಹೋಗಿ ಮಲಗಬಹುದಿತ್ತು. ಹೋಗಲಿಲ್ಲ. ಪೂರ್ತಿ ಐರನ್‌ಮ್ಯಾನ್ ಪಂದ್ಯಗಳಲ್ಲಿ ಕೊನೆಯವರು ಬರುವ ಮಧ್ಯರಾತ್ರಿಗೆ, ಎಂಟೊಂಬತ್ತು ಗಂಟೆಯಲ್ಲೇ ಮುಗಿಸಿ ಉಂಡು ಮಲಗಬೇಕಾದ ಗೆದ್ದವರೂ ಎಷ್ಟೋ ಕಡೆ ಗುರಿಯ ಗೆರೆಗೆ ವಾಪಸು ಬಂದು ಚಪ್ಪಾಳೆ ತಟ್ಟುತ್ತಾರೆ. 1982ರ ಫೆಬ್ರವರಿಯಲ್ಲಿ ಹವಾಯಿಯಲ್ಲಿ ಜೂಲಿ ಮಾಸ್ ಎಂಬ ಹುಡುಗಿ, ಮೊದಲಿನವಳಾಗಿದ್ದವಳು, ಗುರಿಯ ಹತ್ತಿರ ಕುಸಿದು ಬಿದ್ದಳು. ಕ್ಯಾಥ್ಲೀನ್ ಮೆಕಾರ್ಟ್ನಿ ದಾಟಿ ಹೋಗಿ ಗೆದ್ದಳು. ಜೂಲಿ ಅಂಬೆಗಾಲಿಟ್ಟು ಗೆರೆ ಮುಟ್ಟಿದಳು. ಟೀವಿಯಲ್ಲಿ ಅದನ್ನು ಕಂಡವರು ಮರೆಯದೇ ಇದ್ದದ್ದು ಎರಡನೆಯವಳನ್ನು.

ನಾನೂ ಬೇಲಿಗೆ ಒರಗಿ ನಿಂತೆ. ಗಡುವಿಗೆ ಕೆಲವೇ ನಿಮಿಷ ಉಳಿದಿದ್ದಾಗ ಒಬ್ಬರು ಬಂದರು, ನನ್ನದೇ ವಯಸ್ಸು, ಒಂದು ಕಾಲು ಎಳೆಯುತ್ತಿದ್ದರು. ಏನು ಕೂಗಬೇಕು? ಸೂಪರ್ ಅನ್ನಲು ಬಾಯಿ ಬರಲಿಲ್ಲ, ಬೆಂಕಿ ಅನ್ನಲು ಮನಸ್ಸು ಬರಲಿಲ್ಲ. "ಮುಂದಿನ ಮನೆ ತನಕ! ಅಷ್ಟೇ!" ಎಂದು ಕಿರುಚಿದೆ. ಅವರಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ. ತಿರುಗಿ ನೋಡಿ, ತಲೆಯಾಡಿಸಿ, ಕಾಲು ಎಳೆದುಕೊಂಡೇ ಗೆರೆ ದಾಟಿದರು. ಅಲ್ಲಿ ಎರಡು ಕಡೆಯಿಂದ ಇಬ್ಬರು ಪಟ್ಟಿ ಹಿಡಿದು ನಿಂತಿದ್ದರು. ಸ್ಕಿಪ್ಪಿಂಗ್ ಆಡುತ್ತಿರಲಿಲ್ಲ.

ಮುಂದಿನ ಮಳೆಗಾಲ ಕಳೆದ ಮೇಲೆ ತೀರ್ಥಹಳ್ಳಿ ಕಡೆ ಮದುವೆಯೊಂದಕ್ಕೆ ಹೋದವನು ಅಂಚೆ ಸಾರ್ ಮನೆ ಹುಡುಕಿಕೊಂಡು ಹೋದೆ. ಅಡಿಕೆ ತೋಟದ ಅಂಚಿನ ಹಳೆಯ ಹೆಂಚಿನ ಮನೆ. ಜಗಲಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಊರುಗೋಲು, ದಿಂಬಿನ ಹತ್ತಿರ ಚಾರ್ಜಿಗಿಟ್ಟ ಫೋನು. ಎರಡೂ ಮಂಡಿಗೆ ಆಪರೇಷನ್ ಆಗಿ ನಾಲ್ಕು ವರ್ಷವಾಗಿತ್ತು. ಗ್ರೂಪಿಗೆ ಸೇರಿದ್ದು ಅದರ ನಂತರವಂತೆ, ಮೊಮ್ಮಗ ಸೇರಿಸಿದ್ದು. ಅಂದರೆ ನಾಲ್ಕೂ ಇಪ್ಪತ್ತಕ್ಕೆ ನಮ್ಮನ್ನೆಲ್ಲ ಎಬ್ಬಿಸುತ್ತಿದ್ದವರು ತಾವು ಎಲ್ಲಿಗೂ ಹೊರಡುತ್ತಿರಲಿಲ್ಲ.

"ಎಚ್ಚರ ಆಗ್ತದೆ, ಅಭ್ಯಾಸ. ಎಚ್ಚರಾಗಿ ಮಾಡೋದೆಂತ? ನೀವು ಯಾರಾದ್ರೂ ಹೊರಟ್ರಿ ಅಂದ್ರೆ ನಂಗೂ ಹೊರಟ ಹಾಗೆ ಆಗ್ತದೆ" ಅಂದರು. ಒಳಗಿನಿಂದ ಕಾಫಿ ಬಂತು.

ಹೊರಡುವಾಗ ಬೇಡವೆಂದರೂ ಕೇಳದೆ ಊರುಗೋಲು ಹಿಡಿದು ಎದ್ದರು. "ದಣಪೆ ತನಕ ಬರ್ತೇನೆ." ಅಂಗಳ ದಾಟಿದರೆ ದಣಪೆ, ಮೂವತ್ತು ಹೆಜ್ಜೆ. ಮಾತಿನ ಭರದಲ್ಲಿ ನಾನು ಮೊದಲೇ ಹೋಗಿ ಗಳ ಸರಿಸಿ ಆಚೆ ಕಾಲಿಟ್ಟಿದ್ದೆ. ತಿರುಗಿ ನೋಡಿದರೆ ಅವರಿನ್ನೂ ತುಳಸಿಕಟ್ಟೆಯ ಹತ್ತಿರ. ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡೆ. ಗಳ ಹಿಡಿದುಕೊಂಡು ನಿಂತೆ. ತುಳಸಿಕಟ್ಟೆ, ಬಾವಿಕಟ್ಟೆ, ದಾಸವಾಳದ ಗಿಡ, ಒಂದೊಂದರ ಹತ್ತಿರವೂ ನಿಂತು ನಿಂತು ಬಂದರು. ಬಂದು ಗಳದ ಮೇಲೆ ಕೈಯಿಟ್ಟು, ಏದುಸಿರು ಬಿಡುತ್ತ ಕೇಳಿದರು:

"ಟೈಮ್ ಎಷ್ಟಾಯ್ತು?"

ಕೈಗಡಿಯಾರ ನೋಡಿದ ಹಾಗೆ ಮಾಡಿ, "ಗಡುವಿಗೆ ಇನ್ನೂ ಬೇಕಾದಷ್ಟಿದೆ ಸಾರ್" ಅಂದೆ.